ಹಸೈನಾರ್ ಬಾಯಿಬಿಟ್ಟ ಮೇಲೆ ಬದಲಾದ ಗುಂಡು

ಬೆಳಗಿನ ನಮಾಜು ಮುಗಿಸಿದ ಹಸೈನಾರ್ ಅಡುಗೆಮನೆಯ ದೀಪ ಹಾಕುತ್ತಾರೆ. ದೋಹಾದ ಅಲ್ ಥುಮಾಮಾದ ಈ ದೊಡ್ಡ ಮನೆಯಲ್ಲಿ ಉಳಿದವರು ಇನ್ನೂ ಎದ್ದಿಲ್ಲ. ಹಲಗೆಯ ಮೇಲೆ ಜಿಂಕೆಯ ಭುಜದ ಮಾಂಸ. ಗುಂಡು ಹೊಕ್ಕ ಜಾಗವನ್ನು ಬೆರಳಿನಿಂದ ಸವರಿ, ಸುತ್ತ ರಕ್ತ ಕಟ್ಟಿದ ಭಾಗವನ್ನು ಕತ್ತರಿಸಿ ಕಸಕ್ಕೆ ಹಾಕುತ್ತಾರೆ.

ಉಳ್ಳಾಲದ ಹಸೈನಾರ್ ಇಲ್ಲಿಗೆ ಬಂದದ್ದು ಡ್ರೈವರ್ ಆಗಿ. ಊರಿಗೆ ಹೋದ ಅಡುಗೆಯವನು ಮರಳಲಿಲ್ಲ. ಸೌಟು ಇವರ ಕೈಗೆ ಬಂತು. ಮನೆಯ ಯಜಮಾನರನ್ನು ಇವರು ಕರೆಯುವುದು ಅರ್ಬಾಬ್ ಎಂದು. ಚಳಿಗಾಲದಲ್ಲಿ ಅವರು ಪರದೇಶಕ್ಕೆ ಬೇಟೆಗೆ ಹೋಗುತ್ತಾರೆ, ಮಾಂಸ ವಿಮಾನದಲ್ಲಿ ಬರುತ್ತದೆ.

ಎರಡು ವರ್ಷಗಳ ಹಿಂದೆ ಮನೆಯಲ್ಲಿ ಸಾಕಿದ ಗಿಡುಗ ರೆಕ್ಕೆ ಜೋತುಬಿಟ್ಟು ಕೂತಿತು. ಅದನ್ನು ನೋಡಿಕೊಳ್ಳುವ ಅಲಿಯ ಜೊತೆ ಆಸ್ಪತ್ರೆಗೆ ಹೋದದ್ದು ಹಸೈನಾರ್. ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ಬಿಳಿ ಚುಕ್ಕೆಗಳು. ಸೀಸ, ಎಂದರು ಡಾಕ್ಟರು. ಗಿಡುಗಕ್ಕೆ ಅಲಿ ತಿನ್ನಿಸುತ್ತಿದ್ದದ್ದು ಅಡುಗೆಮನೆಯಲ್ಲಿ ಉಳಿದ ಬೇಟೆಮಾಂಸ. ಸೀಸದ ಗುಂಡು ಬೇಟೆಪ್ರಾಣಿಯ ಮೈಯೊಳಗೆ ಒಡೆದು ಪುಡಿಯಾಗಿ ಗಾಯದಿಂದ ಗೇಣುದೂರಕ್ಕೂ ಚದುರುತ್ತದೆ. ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. ಮಕ್ಕಳಿಗೆ, ಬಸುರಿಯರಿಗೆ ಅಪಾಯ ಹೆಚ್ಚು ಎಂದು ಡಾಕ್ಟರು ವಿವರಿಸಿದರು.

"ಗಿಡುಗದ ಚಿಂತೆ ಅಲ್ಲಿಗೇ ಬಿಟ್ಟುಹೋಯ್ತು ಮಾರಾಯ್ರೆ" ಎನ್ನುತ್ತಾರೆ ಹಸೈನಾರ್. " ಅರ್ಬಾಬರ ಮಗಳು ಆಗ ಬಸುರಿ. ಅದೇ ಮಾಂಸ ಅವಳಿಗೆ ಬಡಿಸ್ತಾ ಇದ್ದದ್ದು ನಾನೇ ಅಲ್ವಾ?"

ಮರುದಿನ ಮಧ್ಯಾಹ್ನ ಅವರು ಕೋಳಿ ಬೇಯಿಸಿದರು. ಅತಿಥಿಗಳ ಎದುರೇ ಅರ್ಬಾಬ್ ಜಿಂಕೆ ಮಾಂಸ ಎಲ್ಲಿ ಎಂದು ಕೇಳಿದರು.

"'ಮಾಫಿ' ಅಂದೆ. ಅರಬಿಯಲ್ಲಿ ಇಲ್ಲ ಅಂತ. ಅವರ ಮುಖ ಕೆಂಪಾಯ್ತು. ನನ್ನ ಕೆಲಸ ಖಲಾಸ್ ಅಂತಲೇ ಎಣಿಸಿದ್ದೆ."

ಅತಿಥಿಗಳು ಹೋದ ಮೇಲೆ ಹಸೈನಾರ್ ಎಲ್ಲವನ್ನೂ ಹೇಳಿದರು. ಯಜಮಾನರು ಎದ್ದುಹೋಗಿ ಡಾಕ್ಟರಿಗೆ ಫೋನ್ ಮಾಡಿದರು. ಮಗಳ ರಕ್ತ ಪರೀಕ್ಷೆಯಾಯಿತು. ಸೀಸ ಇತ್ತು, ಆದರೆ ತೀರಾ ಕಡಿಮೆ. ಫ್ರೀಜರಿನಲ್ಲಿದ್ದ ಬೇಟೆಮಾಂಸವೆಲ್ಲ ಹೊರಬಿತ್ತು. ಮುಂದಿನ ಬೇಟೆಗೆ ಅರ್ಬಾಬ್ ಒಯ್ದದ್ದು ತಾಮ್ರದ ಗುಂಡು. ಅದು ಪುಡಿಯಾಗದೆ ಹೆಚ್ಚುಕಡಿಮೆ ಇಡಿಯಾಗಿಯೇ ಉಳಿಯುತ್ತದೆ. ಮೊದಮೊದಲು ಗುರಿ ತಪ್ಪುತ್ತಿತ್ತಂತೆ. ಈಗ ಗೆಳೆಯರಿಗೂ ಅದನ್ನೇ ಕೊಳ್ಳಿ ಎನ್ನುತ್ತಾರೆ. ಮಗಳ ಕೂಸು ಈಗ ಅಡುಗೆಮನೆಯ ಡಬ್ಬಗಳನ್ನು ಎಳೆದು ಬೀಳಿಸುವಷ್ಟಾಗಿದೆ.

ಹಸೈನಾರ್ ಮಾಂಸಕ್ಕೆ ಉಪ್ಪು, ಏಲಕ್ಕಿ, ಒಣನಿಂಬೆ ಹಾಕಿ ಮುಚ್ಚುತ್ತಾರೆ. ಮುಂದಿನ ತಿಂಗಳು ಹೆಂಡತಿ ಅಫ್ಸಾನಾ ವಿಸಿಟ್ ವೀಸಾದಲ್ಲಿ ಬರುತ್ತಿದ್ದಾರೆ.

"ಅವಳಿಗೆ ಒಮ್ಮೆ ಬಡಿಸ್ಬೇಕು ಅಂತ ಆಸೆ ಉಂಟು" ಎಂದು ನಗುತ್ತಾರೆ. "ಮದುವೆಯಾದಲ್ಲಿಂದ ನಾನು ಒಲೆ ಹತ್ತಿಸಿದ್ದು ಅವಳು ನೋಡಿಯೇ ಇಲ್ಲ. ಫೋನಲ್ಲಿ ಹೇಳಿದ್ರೆ ನಂಬುದೂ ಇಲ್ಲ."