ದೊಡ್ಡಮ್ಮ ಹಾಕದ ಮೊಗ್ಗಿನ ಜಡೆ

ಮೊನ್ನೆ ಮೊಮ್ಮಗಳು ನನ್ನ ಮಂಡಿಗೆಂದು ಔಷಧಿ ಅಂಗಡಿಯಿಂದ ಒಂದು ಮುಲಾಮು ತಂದಳು. ಮುಚ್ಚಳ ತಿರುಗಿಸಲು ನನ್ನ ಹೆಬ್ಬೆರಳಿಗೆ ಆಗಲಿಲ್ಲ. ಅವಳೇ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ನೀಲಗಿರಿ ಎಣ್ಣೆಯ ಘಾಟು. ಅದರ ಬೆನ್ನಿಗೇ, ಆ ಮುಲಾಮಿನಲ್ಲಿ ಇಲ್ಲವೇ ಇಲ್ಲದ ಇನ್ನೊಂದು ವಾಸನೆಯೂ ಬಂತು... ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಮಲ್ಲಿಗೆ ಮೊಗ್ಗಿನದು. "ಯಾಕಜ್ಜಿ, ಕಣ್ಣು ಉರೀತಾ?" ಎಂದಳು. ಹೂಂ ಅಂದೆ. ಅರವತ್ತು ವರ್ಷದ ಹಿಂದಿನದನ್ನು ನಿಂತ ಕಾಲಲ್ಲಿ ಹೇಳುವುದು ಹೇಗೆ?

ಆ ಎರಡು ವಾಸನೆಗಳೂ ಒಟ್ಟಿಗಿದ್ದದ್ದು ಮೈಸೂರಿನ ನಮ್ಮ ಬೀದಿಯ ಎದುರು ಮನೆಯಲ್ಲಿ. ಆ ಮನೆಯಾಕೆಯನ್ನು ಬೀದಿಯ ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ನೆಂಟಸ್ತಿಕೆ ಏನೂ ಇರಲಿಲ್ಲ. ಇಲವಾಲದ ಕಡೆಯ ಬೇಸಾಯಗಾರರ ಮನೆಯ ಹೆಣ್ಣುಮಗಳು. ಅವರ ಗಂಡ, ನಮಗೆಲ್ಲ ದೊಡ್ಡಪ್ಪ, ಅಶೋಕಪುರಂ ಕಡೆಯ ರೈಲ್ವೆ ಕಾರ್ಖಾನೆಯಲ್ಲಿ ಬಡಗಿ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರ ಪಾಲಿನ ಮಾತನ್ನೂ ದೊಡ್ಡಮ್ಮನೇ ಆಡಿ ಮುಗಿಸುತ್ತಿದ್ದರು.

ದೊಡ್ಡಮ್ಮನ ಹೆಸರು ಹಬ್ಬಿದ್ದದ್ದು ಮೊಗ್ಗಿನ ಜಡೆಗೆ. ಹುಡುಗಿಯ ಜಡೆಯ ಮೇಲೆ ನೆತ್ತಿಯಿಂದ ತುದಿಯವರೆಗೂ ಮಲ್ಲಿಗೆ ಮೊಗ್ಗನ್ನು ಸಾಲುಸಾಲಾಗಿ ಸೂಜಿಯಲ್ಲಿ ಪೋಣಿಸಿ ಕೂರಿಸುವ ಕೆಲಸ ಅದು. ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಬೆರಳು ಬಿಗಿ ಮಾಡಿದರೆ ಮೊಗ್ಗು ಬಾಡುತ್ತದೆ, ಸಡಿಲ ಬಿಟ್ಟರೆ ಸಾಲು ಜಾರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಮೊಗ್ಗು ಯಾರನ್ನೂ ಕಾಯುವುದಿಲ್ಲ. ಬಿಸಿಲು ಇಳಿಯುತ್ತಿದ್ದ ಹಾಗೆ ಬಿರಿಯಲು ಶುರು ಮಾಡುತ್ತದೆ. ಅಷ್ಟರೊಳಗೆ ತುದಿ ಮುಟ್ಟಿರಬೇಕು. ದೊಡ್ಡಮ್ಮ ಎರಡು ಗಂಟೆಯಲ್ಲಿ ಮುಗಿಸುತ್ತಿದ್ದರು, ಅದೂ ಪಕ್ಕದಲ್ಲಿ ಕೂತವರ ಮನೆ ಸುದ್ದಿಯನ್ನೆಲ್ಲ ವಿಚಾರಿಸಿಕೊಳ್ಳುತ್ತಾ.

ಸ್ವಾತಂತ್ರ್ಯ ಬಂದ ವರ್ಷ ನನಗೆ ಏಳು. ನನ್ನ ಮೊದಲ ಮೊಗ್ಗಿನ ಜಡೆ ಆಗಲೇ. ನಾನು ಒಂದೆಡೆ ಕೂರುವ ಜಾತಿಯಲ್ಲ. ದೊಡ್ಡಮ್ಮ ನೆತ್ತಿಗೆ ಗಿಣ್ಣಿನಿಂದ ಒಂದು ಮೊಟಕಿ, "ಅಲ್ಲಾಡ್‌ಬ್ಯಾಡ ಕಣವ್ವ. ಮದುವೆ ದಿನಾನೂ ಇಂಗೇ ಕುಣಿದ್ರೆ ಗಂಡು ಎದ್ದು ಓಡೋಯ್ತಾನೆ. ಅವತ್ತಿನ ಜಡೆನೂ ನಂದೇಯ, ಈಗ್ಲೇ ಏಳಿವ್ನಿ" ಎಂದಿದ್ದರು. ಆ ಮೊಟಕಿದ ಗಿಣ್ಣು ಆಗ ನುಣ್ಣಗಿತ್ತು.

ನೋವು ಮೊದಲು ಬಂದದ್ದು ಮಂಡಿಗೆ. ಆಷಾಢದ ಶುಕ್ರವಾರಗಳಲ್ಲಿ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟಕ್ಕೆ ಹೋಗುತ್ತಿದ್ದವರು ಒಂದು ವರ್ಷ ಅರ್ಧ ದಾರಿಯಿಂದ ವಾಪಸ್ಸಾದರು. ಮರುವರ್ಷ ಹೊರಡಲೇ ಇಲ್ಲ. ಬಾಗಿಲಲ್ಲಿ ನಿಂತು ಬೆಟ್ಟದ ಕಡೆ ಕೈ ಮುಗಿದು, "ನಂಗೆ ತಾಯಿ ಇಲ್ಲಿಂದ್ಲೇ ಕಾಣ್ತಾಳೆ, ತಾಯಿಗೆ ನಾನು ಕಾಣಾಕಿಲ್ವಾ, ಬುಡು" ಎಂದರು. ನಾವೆಲ್ಲ ನಕ್ಕೆವು. ಆಮೇಲೆ ಸೊಂಟ. ಆಮೇಲೆ ಹೆಬ್ಬೆರಳಿನ ಬುಡ. ಕೊನೆಗೆ ಒಂದೊಂದೇ ಬೆರಳಿನ ತುದಿಯ ಗಿಣ್ಣು ಊದಿ, ಹುಣಸೆಬೀಜ ಒಳಗಿಟ್ಟು ಹೊಲಿದ ಹಾಗೆ ಗಂಟು ಕಟ್ಟಿಕೊಂಡಿತು.

ಆದರೆ ಅವರು ಕೊರಗುತ್ತಾ ಕೂರುವ ಪೈಕಿ ಆಗಿರಲಿಲ್ಲ. ಆಸ್ಪತ್ರೆಗೆ ಹೋಗಿ ಬಂದರು. ಅಲ್ಲಿನ ಡಾಕ್ಟರು, ಸವೆದ ಕೀಲು ಮತ್ತೆ ಬೆಳೆಯುವುದಿಲ್ಲ ತಾಯಿ, ಆದರೆ ಕೈ ಕಟ್ಟಿ ಕೂರಬೇಡಿ, ಹದವಾಗಿ ಆಡಿಸುತ್ತಾ ಇರಿ, ಅತಿ ಮಾಡಬೇಡಿ, ಎಂದರಂತೆ. ಅದನ್ನೇ ವೇದವಾಕ್ಯ ಮಾಡಿಕೊಂಡರು. ಬೆಳಿಗ್ಗೆ ಎದ್ದ ಕೂಡಲೇ ಬೆರಳು ಮಡಿಸಲು ಬರುತ್ತಿರಲಿಲ್ಲ. ಹಂಡೆಯ ಬಿಸಿನೀರನ್ನು ಬೋಸಿಗೆ ಬಗ್ಗಿಸಿಕೊಂಡು ಎರಡೂ ಕೈ ಅದ್ದಿ ಕೂರುತ್ತಿದ್ದರು. ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿ, ಕೆಂಡದ ಮೇಲೆ ಬಾಡಿಸಿದ ಹರಳೆಲೆ ಸುತ್ತಿ, ಹಳೇ ಪಂಚೆಯ ಪಟ್ಟಿ ಬಿಗಿಯುತ್ತಿದ್ದರು. ಒಂದು ಕೆಲಸ ಮಾಡಿದ ಮೇಲೆ ಇನ್ನೊಂದಕ್ಕೆ ಮೊದಲು ಸ್ವಲ್ಪ ಹೊತ್ತು ಬಿಡುವು. "ಕೈಗೂ ಸಂಬಳದ ರಜಾ ಬೇಕಲ್ವಾ" ಎನ್ನುತ್ತಿದ್ದರು.

ದೊಡ್ಡಪ್ಪನ ಪ್ರೀತಿ ಮಾತಿನಲ್ಲಿ ಇರಲಿಲ್ಲವಲ್ಲ, ಅದು ಮರದಲ್ಲಿ ಹೊರಬಂತು. ನೆಲದಲ್ಲಿ ಕೂರಲಾಗದ ಹೆಂಡತಿಗೆ ಮೊಣಕಾಲೆತ್ತರದ ಬೆಂಚು ಮಾಡಿಕೊಟ್ಟರು. ಸೌಟಿಗೆ, ಚಾಕುವಿಗೆ ದಪ್ಪ ಹಿಡಿ ಕೂರಿಸಿದರು. ಕುರ್ಚಿಯ ನಡುವೆ ತೂತು ಕೊರೆದು ಕಕ್ಕಸಿಗೆ ಇಟ್ಟರು. ಅದನ್ನು ನೋಡಲು ಬೀದಿಯ ಹೆಂಗಸರೆಲ್ಲ ಬಂದು ಹೋದರು. ತೆಳ್ಳಗಿನ ಸೂಜಿ ಬೆರಳಿಗೆ ಸಿಗುವುದಿಲ್ಲವೆಂದು ಅದರ ಹಿಂಬದಿಗೆ ಬೆಂಡಿನ ತುಂಡೊಂದನ್ನು ಚುಚ್ಚಿ ಹಿಡಿ ಮಾಡಿದರು. ಆ ಸೂಜಿ ಹಿಡಿದು ದೊಡ್ಡಮ್ಮ ಇನ್ನೂ ಆರೇಳು ವರ್ಷ ನಮ್ಮ ಬೀದಿಯ ಹುಡುಗಿಯರಿಗೆ ಜಡೆ ಹಾಕಿದರು. ಎರಡು ಗಂಟೆಯ ಕೆಲಸ ಮೂರಾಯಿತು, ನಾಲ್ಕಾಯಿತು.

ಕೊನೆಯದಾಗಿ ಹಾಕಿದ್ದು ಮೂಲೆ ಮನೆಯ ಹುಡುಗಿ ದೊಡ್ಡವಳಾದ ಆರತಿಗೆ. ನಾನು ಪಕ್ಕದಲ್ಲಿ ಕೂತು ಮೊಗ್ಗು ಆರಿಸಿ ಕೊಡುತ್ತಿದ್ದೆ. ಅರ್ಧ ಜಡೆ ಆಗುವ ಹೊತ್ತಿಗೆ ನೆತ್ತಿಯ ಮೇಲಿನ ಮೊಗ್ಗುಗಳು ಬಿರಿದುಬಿಟ್ಟವು. ಮೇಲೆ ಹೂವು, ಕೆಳಗೆ ಮೊಗ್ಗು, ತುದಿಯಲ್ಲಿ ಬರೀ ಕೂದಲು. ದೊಡ್ಡಮ್ಮನ ಹಣೆ ಬೆವರುತ್ತಿತ್ತು. ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು, ಕೇಳಿಸುವ ಹಾಗೆಯೇ, "ಕೈಲಾಗದವರು ಒಪ್ಕೋಬಾರದಪ್ಪ" ಅಂದರು. ದೊಡ್ಡಮ್ಮ ತಲೆ ಎತ್ತಲಿಲ್ಲ. ತುದಿಯವರೆಗೂ ಮುಗಿಸಿಯೇ ಎದ್ದರು.

ಮಾರನೆಯ ವರ್ಷ ಯುಗಾದಿಯ ಹಿಂದೆಮುಂದೆ ನನ್ನ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಅನುಕೂಲಸ್ಥರು, ಸ್ವಲ್ಪ ಠೀವಿಯ ಜನ. ಆಗ ನಾನು ಮಾಡಿದ ಕೆಲಸವನ್ನು ಇಲ್ಲಿ ಬರೆಯಲೇಬೇಕು. ಮದುವೆಗೆ ಇನ್ನೊಂದು ವಾರವಿದೆ ಎನ್ನುವಾಗ ನೇರವಾಗಿ ಎದುರು ಮನೆಗೆ ಹೋಗಿ, "ದೊಡ್ಡಮ್ಮ, ಜಡೆ ಅವರ ಕಡೆಯಿಂದಲೇ ಬರುತ್ತಂತೆ, ಅವರಲ್ಲಿ ಹಾಗೇ ಪದ್ಧತಿಯಂತೆ" ಎಂದೆ. ಅಂಥ ಪದ್ಧತಿ ಏನೂ ಇರಲಿಲ್ಲ. ದೇವರಾಜ ಮಾರ್ಕೆಟ್ಟಿನ ಹೂವಿನವನಿಗೆ ಜಡೆ ಹೇಳಿಸಿದ್ದು ನಾನೇ. ಆ ಕೈಗಳಿಗೆ ಹಿಂಸೆ ಕೊಡಬಾರದು ಅಂತ ಹೀಗೆ ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಅರ್ಧ ನಿಜ. ಇನ್ನರ್ಧ ನಾಚಿಕೆ. ಬೀಗರ ಎದುರು ನನ್ನ ಬೆನ್ನ ಮೇಲೆ ಅರೆಬಿರಿದ ಜಡೆ ಇದ್ದರೆ ಏನೆಂದುಕೊಳ್ಳುತ್ತಾರೋ ಎಂಬ ಭಯ. ಇಷ್ಟು ವರ್ಷದ ಮೇಲೂ ಯಾವ ಅರ್ಧ ದೊಡ್ಡದಿತ್ತು ಎಂದು ಯೋಚಿಸಲು ನನಗೆ ಧೈರ್ಯವಿಲ್ಲ.

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. "ಆಗ್ಲಿ ಬುಡವ್ವ. ಅವ್ರ ಪದ್ಧತಿ ಅಂಗಿದ್ರೆ ಅಂಗೇ ಆಗ್ಲಿ" ಎಂದು ತಲೆ ಸವರಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಹಗುರಾಗಿ ಮನೆಗೆ ಬಂದೆ...

ಮದುವೆಯ ದಿನ ಮಾರ್ಕೆಟ್ಟಿನವನೇ ಜಡೆ ಹೊತ್ತು ತಂದ. ಮೈಸೂರಿನ ಹೂವಿನವರಲ್ಲಿ ದೊಡ್ಡಮ್ಮನಿಗೆ ಗೊತ್ತಿಲ್ಲದವರು ಯಾರು? ಅವನೂ ಅವರನ್ನು ಕಂಡು, "ಏನಮ್ಮಾ, ನೀವಿದ್ದೂ ಈ ಜಡೆ ನನಗೆ ಹೇಳಿಸವ್ರಲ್ಲ ಈ ಮನೆಯವರು!" ಎಂದುಬಿಟ್ಟ. ದೊಡ್ಡಮ್ಮ ಕುಂಟುತ್ತಾ ನನ್ನ ಹಿಂದೆ ಬಂದು ನಿಂತು, ಜಡೆಯನ್ನು ಮೇಲಿಂದ ಕೆಳಗೆ ನೋಡಿ, ಓರೆಯಾಗಿದ್ದ ಒಂದು ಸಾಲನ್ನು ಆ ಗಂಟು ಬೆರಳಲ್ಲೇ ನೆಟ್ಟಗೆ ಮಾಡಿದರು. "ಚೆಂದಾಗದೆ ಕಣವ್ವ" ಎಂದರು. ಊಟಕ್ಕೆ ನಿಲ್ಲಲಿಲ್ಲ.

ಆಷಾಢಕ್ಕೆ ತವರಿಗೆ ಬಂದವಳು ಎರಡು ದಿನ ಎದುರು ಮನೆಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಅಮ್ಮ ಬೈದು ಕಳಿಸಿದಳು. ದೊಡ್ಡಮ್ಮ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಕೈಗಳು ಮಡಿಲಲ್ಲಿದ್ದವು. ಬೆರಳುಗಳು ಒಳಕ್ಕೆ ಮಡಿಸಿಕೊಂಡಿದ್ದವು, ಬಿಚ್ಚುತ್ತಿರಲಿಲ್ಲ. ಅವರ ಹಿಂದೆ ಕಿಟಕಿಯ ಸರಳಿಗೆ ತೆಂಗಿನ ನಾರಿನದೊಂದು ಉದ್ದನೆಯ ಜಡೆ ಕಟ್ಟಿತ್ತು. ಅದರ ಮೇಲೆ ಒಣಗಿ ಕಂದಾಗಿದ್ದ ಮೊಗ್ಗಿನ ಸಾಲುಗಳು. ಇದೇನು ಎಂದು ಕೇಳಿದೆ. ಎಂದೂ ಮಾತಾಡದ ದೊಡ್ಡಪ್ಪ ಮಾತಾಡಿದರು.

"ನಿನ್ ಮದುವೆ ಗೊತ್ತಾದ್ ದಿನದಿಂದ ಕಣವ್ವ, ದಿನಾ ಮಧ್ಯಾನ ಇದೇ ಕೆಲ್ಸ. ಒಂದೇ ಬೀಸಿಗೆ ಆಗಾಕಿಲ್ಲ ಅಂತ ಬಾಳೆಪಟ್ಟೆ ಮ್ಯಾಲೆ ಮೂರು ತುಂಡು ಮಾಡಿ ಒಲಿಯೋಳು. ಒಂದ್ ತುಂಡು ಆಗ್ತಿದ್ದಂಗೆ ಅದು ಒದ್ದೆ ಬಟ್ಟೆಗೆ, ಕೈ ಬಿಸ್ನೀರಿಗೆ. ಆಮ್ಯಾಕೆ ಇನ್ನೊಂದು ತುಂಡು. ಕೊನೆಗೆ ಮೂರನ್ನೂ ಜಡೆಗೆ ಸೇರ್ಸಾದು. ಮೊಗ್ಗು ಬಿರೀದಂಗೆ ಮುಗ್ಸೋದ ಕಲ್ತಿದ್ಲು. ನೀನು ಬಂದು ಏಳ್ದೆ ನೋಡು, ಅವತ್ತಿಂದ ಸೂಜಿ ಮುಟ್ಟಿಲ್ಲ."

ನಾನು ಅವರ ಮಂಡಿ ತಬ್ಬಿಕೊಂಡು ಅತ್ತೆ. ನಿಮಗೆ ನೋವಾಗಬಾರದು ಅಂತ ಮಾಡಿದೆ ದೊಡ್ಡಮ್ಮ, ಎಂದೆ. ಅರ್ಧ ಸುಳ್ಳನ್ನು ಆಗಲೂ ಬಿಡಲಿಲ್ಲ.

"ನೋವು ಇದ್ದೇ ಇರ್ತದಲ್ಲವ್ವ, ಅದಕ್ಕೆ ನಾನೇನು ಎದ್ರಿದ್ನಾ? ನಿನ್ ಜಡೆ ಆಯ್ತಿತ್ತೋ ಇಲ್ವೋ, ನಂಗೂ ಗೊತ್ತಿಲ್ಲ. ಆಗ್ದಿದ್ರೆ ಆಗಾಕಿಲ್ಲ ಅಂತ ನಾನೇ ಅಂತಿದ್ದೆ. ನೀನು ಒಂದ್ ಮಾತು ಕೇಳ್ಬೇಕಾಗಿತ್ತು ಕಣವ್ವ" ಎಂದರು. ಸಿಟ್ಟಿನಿಂದಲ್ಲ. ಆಮೇಲೆ ಅತ್ತೆ ಹೇಗೆ, ಗಂಡ ಹೇಗೆ, ಊಟ ಸೇರುತ್ತದಾ ಎಂದು ಎಲ್ಲ ವಿಚಾರಿಸಿದರು. ಕುಂಕುಮ ಕೊಡಲು ಭರಣಿಯ ಮುಚ್ಚಳ ತೆಗೆಯಲಾಗದೆ ನನ್ನ ಕೈಯಿಂದಲೇ ತೆಗೆಸಿದರು.

ಎರಡು ವರ್ಷದ ಮೇಲೆ ಅಮ್ಮನ ಕಾರ್ಡು ಬಂತು. ಅದು ಕೈ ಸೇರುವ ಹೊತ್ತಿಗೆ ದೊಡ್ಡಮ್ಮನ ತಿಥಿಯೂ ಮುಗಿದಿತ್ತು. ಆ ಕಾಯಿಲೆ ಹೇಗಿದ್ದರೂ ಮುಂದುವರಿಯುತ್ತಿತ್ತು, ಕೈ ನಿಂತದ್ದು ನಿಮ್ಮಿಂದಲ್ಲ ಎಂದು ಎಷ್ಟೋ ವರ್ಷದ ಮೇಲೆ ಒಬ್ಬ ವೈದ್ಯರು ನನಗೆ ಸಮಾಧಾನ ಹೇಳಿದರು. ನಿಜವಿರಬಹುದು. ನನಗೆ ಸಮಾಧಾನವಾಗಲಿಲ್ಲ...

ಈಗ ನನ್ನ ಬೆರಳುಗಳಲ್ಲೂ ಅವೇ ಗಂಟುಗಳು. ಮಂಡಿ, ಸೊಂಟ, ಹೆಬ್ಬೆರಳು, ಎಲ್ಲ ಅದೇ ಕ್ರಮದಲ್ಲಿ ಬಂದಿವೆ. ನನ್ನ ಸೊಸೆ ಬಹಳ ಒಳ್ಳೆಯವಳು. ನಿನ್ನೆ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದೆ. ನಿಧಾನ, ಒಪ್ಪುತ್ತೇನೆ. ಆದರೆ ಆಗುತ್ತಿತ್ತು. ಅವಳು ಬಂದು, "ಬಿಡಿ ಅತ್ತೆ, ನಿಮಗ್ಯಾಕೆ ಕಷ್ಟ" ಎಂದು ಮೊರವನ್ನು ನನ್ನ ಮಡಿಲಿನಿಂದ ಪ್ರೀತಿಯಿಂದಲೇ ಎತ್ತಿಕೊಂಡು ಹೋದಳು. ಒಂದು ಮಾತು ಕೇಳಬಾರದಿತ್ತೇನಮ್ಮ ಎಂದು ಕೂಗಬೇಕೆನ್ನಿಸಿತು. ಬಾಯಿ ತೆರೆದೆ. ಆ ಮಾತನ್ನು ಯಾರಿಗಾದರೂ ಹೇಳುವ ಹಕ್ಕನ್ನು ನಾನು ಇಪ್ಪತ್ತನೆಯ ವಯಸ್ಸಿಗೇ ಕಳೆದುಕೊಂಡೆ ಎನ್ನುವುದು ನೆನಪಾಗಿ, ಮಡಿಲಲ್ಲಿ ಉಳಿದಿದ್ದ ನಾರುಗಳನ್ನು ಆರಿಸತೊಡಗಿದೆ.