ಡ್ರಾಯರಿನಲ್ಲಿದ್ದ ಕೊನೆಯ ಹಾಳೆ

ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿಯೊಂದಿತ್ತು. ಅದರ ಯಜಮಾನರು ದೆವ್ವದ ಕಥೆಗಳ ಒಂದು ಹಳೆಯ ಇಂಗ್ಲಿಷ್ ಪುಸ್ತಕವನ್ನು ಮಾತ್ರ ಎರಡೂ ಕೈಯಲ್ಲಿ ಹಿಡಿದು ಕೊಡುತ್ತಿದ್ದರು. ಪ್ರತಿ ಸಲವೂ ಒಂದೇ ಮಾತು: "ಬರೆದೋನು ಸತ್ತು ನೂರು ವರ್ಷದ ಮೇಲಾಯ್ತು. ಇನ್ನೂ ಹೆದರಿಸ್ತಾನೆ, ನೋಡಿ."

ನಾನು ಒಯ್ದಾಗ ಅದರಲ್ಲಿ ಕೊನೆಯ ಹಾಳೆಯೇ ಇರಲಿಲ್ಲ. ಸಿಟ್ಟಿನಿಂದ ವಾಪಸ್ಸು ಹೋದೆ. ಅವರು ಮೇಜಿನ ಡ್ರಾಯರಿನಿಂದ ಆ ಹಾಳೆಯನ್ನು ತೆಗೆದರು. ತಾವೇ ಕಿತ್ತಿಟ್ಟಿದ್ದರಂತೆ!

"ಇಲ್ಲೇ ನಿಂತ್ಕೊಂಡು ಓದಿ" ಎಂದವರು, ನಮ್ಮ ಹೆಸರು ಬರೆದುಕೊಳ್ಳುವಾಗಲೂ ಹಾಕದ ಕನ್ನಡಕ ಹಾಕಿಕೊಂಡು ನನ್ನ ಮುಖವನ್ನೇ ನೋಡುತ್ತ ಕೂತರು. ಓದಿ ಮುಗಿಸುವಷ್ಟರಲ್ಲಿ ನಾನು ಗೋಡೆಗೆ ಬೆನ್ನು ಆನಿಸಿ ನಿಂತಿದ್ದೆ.

ಎಷ್ಟೋ ವರ್ಷದ ಮೇಲೆ ಮತ್ತೆ ಹೋದಾಗ ಕಾಲೇಜಿನ ಹುಡುಗಿಯೊಬ್ಬಳು ಅದೇ ಹಾಳೆ ಓದುತ್ತಿದ್ದಳು. ಮೊಬೈಲು ಬಡಿದುಕೊಳ್ಳುತ್ತಿದ್ದರೂ ಅವಳಿಗೆ ಕೇಳಿಸಲಿಲ್ಲ. ಅವಳ ಕೈ ತಾನಾಗಿ ಬಾಯಿಗೆ ಹೋಯಿತು. ಯಜಮಾನರ ಕನ್ನಡಕ ಅವಳ ಮೇಲೇ ಇತ್ತು.

ಅವಳು ಹೋದಮೇಲೆ ಕೇಳಿದೆ: "ನೀವು ಇದನ್ನ ಎಷ್ಟು ಸಲ ಓದಿದೀರ, ಸಾರ್?"

"ನಾನೆಲ್ಲಿ ಓದ್ಲಿ? ನಂಗೆ ಇಂಗ್ಲಿಷ್ ಬರಲ್ಲ. ನೀವೆಲ್ಲ ಓದೋವಾಗ ನಿಮ್ಮ ಮುಖ ನೋಡ್ಕೊಂಡೇ ಹೆದರ್ಕೊಂಡಿದೀನಿ."

ಇಷ್ಟು ವರ್ಷ! "ಹಾಗಾದ್ರೆ ಕೊನೇಲಿ ಏನಾಗುತ್ತೆ ಅಂತ ನಾನು ಹೇಳ್ತೀನಿ, ಕೇಳಿ" ಎಂದೆ.

ಅವರು ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡರು.

"ಬೇಡ, ಬೇಡ! ನೀವು ಹೇಳ್ಬಿಟ್ಟು ಮನೆಗೆ ಹೋಗ್ತೀರ. ಆಮೇಲೆ ಇಲ್ಲಿ ಒಬ್ಬನೇ ಕೂತಿರೋನು ನಾನು!"