ಎಂಟು ತಿಂಗಳು ರಜೆ ಕೇಳದವಳು

"ಓಡುವ ಹುಡುಗಿ ಡಿಗ್ರಿ ಮಾಡುವುದಾ? ಆಗುವ ಮಾತಲ್ಲ" ಎಂದವರು ನನ್ನ ಸೋದರಮಾವ. ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಮೊನ್ನೆ ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾರದೋ ಮನೆಯಿಂದ ಎಳ್ಳು ಹುರಿಯುವ ವಾಸನೆ ಬಂತು. ಮಾವನ ಆ ಮಾತೂ, ಅದನ್ನು ಸುಳ್ಳು ಮಾಡಿದ ನಮ್ಮ ಕಾಲೇಜಿನ ಪಿ.ಟಿ. ಟೀಚರೂ ಒಟ್ಟಿಗೇ ನೆನಪಾದರು...

ಎಂಬತ್ತರ ದಶಕದ ನಡುಭಾಗ. ಕಾರ್ಕಳದಿಂದ ದಿನಾ ಉಡುಪಿಗೆ ಹೋಗಿ ದೈಹಿಕ ಶಿಕ್ಷಣದ ಪದವಿ ಓದುತ್ತಿದ್ದೆ. ಕೊನೆಯ ವರ್ಷ ಓಟದ ಪರೀಕ್ಷೆ ಪಾಸಾಗದೆ ಪದವಿಯಿಲ್ಲ. ಮೈ ಹಗುರಾದಷ್ಟೂ ಓಟ ಚುರುಕು ಎಂದು ನಂಬಿದ್ದೆ. ಬೆಳಿಗ್ಗೆ ಒಂದು ಲೋಟ ಗಂಜಿತಿಳಿ. ಮಧ್ಯಾಹ್ನದ ಬುತ್ತಿಯಲ್ಲಿ ಅರ್ಧ ಗೆಳತಿಯರಿಗೆ. ಮುಟ್ಟು ನಿಂತಿತು. ನನಗೆ ಖುಷಿಯೇ. ಆದರೆ ಮನೆಯವರಿಗೆ ಬೇರೇನಾದರೂ ಸಂಶಯ ಬಂದರೆ? ಅದಕ್ಕಾಗಿ ತಿಂಗಳಿಗೆ ಮೂರು ದಿನ ಹಿಂದಿನ ಜಗಲಿಯಲ್ಲಿ ಚಾಪೆ ಹಾಕಿ, ಹೊರಗಾದವಳಂತೆ ಕುಳಿತೆ.

ಟೀಚರು ಒಂದು ದಿನ ಕೇಳಿದರು: "ಎಲ್ಲರೂ ಹೊಟ್ಟೆನೋವು ಅಂತ ರಜೆ ಕೇಳುತ್ತಾರೆ. ಎಂಟು ತಿಂಗಳಿಂದ ನಿನಗೆ ಹೊಟ್ಟೆಯೇ ಇಲ್ವಾ ಮಾರಾಯ್ತಿ?"

"ಅದು ನಿಂತಿದೆ ಟೀಚರ್. ಉಪದ್ರ ಹೋಯಿತು."

ಅವರು ನಗಲಿಲ್ಲ. ಕೆಲವು ವಾರಗಳಿಂದ ನೋಯುತ್ತಿದ್ದ ನನ್ನ ಮೊಣಕಾಲಿನ ಕೆಳಗಿನ ಎಲುಬನ್ನು ಬೆರಳಿನಿಂದ ಒತ್ತಿದರು. ಕಿರುಚಿದೆ. ಮರುದಿನವೇ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಎಕ್ಸ್‌ರೇಯಲ್ಲಿ ಕೂದಲೆಳೆಯಂಥ ಬಿರುಕು. ಓಟಕ್ಕೆ ಬೇಕಾದಷ್ಟು ತಿನ್ನದಿದ್ದರೆ ದೇಹ ಮುಟ್ಟನ್ನು ನಿಲ್ಲಿಸುತ್ತದೆ, ಮುಟ್ಟು ನಿಂತರೆ ಎಲುಬಿನ ಬಲ ಕುಂದುತ್ತದೆ ಎಂದರು ಅಲ್ಲಿನ ಲೇಡಿ ಡಾಕ್ಟರು.

ಟೀಚರೇ ಮನೆಗೆ ಬಂದು ಎಲ್ಲ ಹೇಳಿದರು. ಅಜ್ಜಿಗೆ ಸಿಟ್ಟೇ ಬಂತು. "ಹಾಗಾದರೆ ನಾನು ತಿಂಗಳು ತಿಂಗಳು ದೂರದಿಂದ ಬಟ್ಟಲು ದೂಡಿದ್ದು ಎಂತಕ್ಕೆ?"

ಮಾವ ಎದ್ದು ನಿಂತರು. "ನಾನು ಹೇಳಲಿಲ್ವಾ? ಕಾಲೇಜು ಸಾಕು."

"ಓಟ ಸದ್ಯಕ್ಕೆ ಬೇಡ. ಕಾಲೇಜು ಬಿಡಿಸಿದರೆ ಮಾತ್ರ ನಾನೂ ನಿಮ್ಮ ಜಗಲಿಯಲ್ಲೇ ಕೂತುಬಿಡುತ್ತೇನೆ, ನೋಡಿ" ಎಂದರು ಟೀಚರು.

ಮಾವ ಕಾಲೇಜು ಬಿಡಿಸಲಿಲ್ಲ. ಓಟದ ಪರೀಕ್ಷೆ ಒಂದು ವರ್ಷ ಮುಂದೆ ಹೋಯಿತು. ದಿನಾ ಮಧ್ಯಾಹ್ನ ಟೀಚರು ನನ್ನೆದುರು ಕೂರುತ್ತಿದ್ದರು. ಅನ್ನ, ಬೂತಾಯಿ ಮೀನಿನ ಸಾರು, ಅವರೇ ಕಟ್ಟಿ ತಂದ ಎಳ್ಳುಂಡೆ... ಬುತ್ತಿ ಖಾಲಿಯಾಗದೆ ಏಳಲು ಬಿಡಲಿಲ್ಲ. ದಪ್ಪಗಾದೆ ಎಂದು ಅಳು ಬರುತ್ತಿತ್ತು. ಅಳುತ್ತಲೇ ತಿಂದೆ. ಐದನೆಯ ತಿಂಗಳು ನಿಜವಾಗಿ ಜಗಲಿಗೆ ಹೋದಾಗ ಅಜ್ಜಿ ನಂಬಲೇ ಇಲ್ಲ. ಮೊದಲು ನಡೆದೆ, ಆಮೇಲೆ ಓಡಿದೆ. ಪಾಸಾದೆ. ನಮ್ಮ ಮನೆಯ ಮೊದಲ ಪದವಿ ನನ್ನದು.

ಫಲಿತಾಂಶ ಬರುವ ಮೊದಲೇ ಟೀಚರು ವರ್ಗವಾಗಿ ಬೇರೆ ಊರಿಗೆ ಹೋಗಿದ್ದರು. ಒಮ್ಮೆ ಹೋಗಿ ಸರ್ಟಿಫಿಕೇಟು ತೋರಿಸಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು...

ಮೊನ್ನೆ ಸಂತೆಕಟ್ಟೆಯಿಂದ ಬಂದವಳೇ ಸರ್ಟಿಫಿಕೇಟು ಹುಡುಕಿ ತೆಗೆದೆ. ಮರುದಿನ, ನಿವೃತ್ತಿಯ ನಂತರ ಅವರು ಬಂದು ನೆಲೆಸಿದ್ದಾರೆಂದು ಕೇಳಿದ್ದ ಕಾಪುವಿನ ಮನೆಗೆ ಹೋದೆ. ಬಾಗಿಲು ತೆರೆದದ್ದು ಅವರ ಅಕ್ಕ. ಟೀಚರು ತೀರಿಕೊಂಡು ಎರಡು ವರ್ಷವಾಗಿತ್ತು. ತಡಮಾಡಿದ ತಪ್ಪು ನನ್ನದೇ. ಹಾಗೆಯೇ ತಿರುಗಿ ಬರಲು ಮನಸ್ಸಾಗದೆ ಸರ್ಟಿಫಿಕೇಟನ್ನು ಅಕ್ಕನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿ ಹೆಸರು ಓದಿದರು.

"ಓ, ಕಾರ್ಕಳದ ಹುಡುಗಿ ನೀನಾ? ನೀನು ಪಾಸಾದದ್ದನ್ನು ಅವಳು ಆಗಲೇ ಪೇಪರಿನಲ್ಲಿ ನೋಡಿದ್ದಳು. ಈಗ ಊಟ ಸರಿ ಮಾಡ್ತಾಳೋ ಇಲ್ವೋ ಅಂತ ಮಾತ್ರ ಕೇಳ್ತಾ ಇದ್ದಳು."